ಅಂಗಳದ ಕೆಳಗಿನ ನೀರು

ನಮ್ಮ ಹಳ್ಳಿಯ ಮನೆಯ ಹಿತ್ತಿಲಲ್ಲಿ ಒಂದು ಬಾವಿಯಿತ್ತು. ಎದೆಮಟ್ಟದ ಕಲ್ಲಿನ ಕಟ್ಟೆ, ಮೇಲೆ ಎರಡು ಕಂಬ, ನಡುವೆ ಕಿರುಗುಟ್ಟುವ ರಾಟೆ. ಇಣುಕಿದವರನ್ನು ಒಳಗಿನ ಗುಮ್ಮ ಎಳೆದುಕೊಳ್ಳುವನೆಂದು ಅಜ್ಜಿ ಹೇಳುತ್ತಿದ್ದಳು, ನಾವು ನಂಬಿದ್ದೆವು. ಎಂಟನೆಯ ವಯಸ್ಸಿನಲ್ಲಿ ಸೋದರಮಾವ ಬೆನ್ನಿಗೆ ಸೋರೆಬುರುಡೆ ಕಟ್ಟಿ ತೋಟದ ಬಾವಿಗೆ ನನ್ನನ್ನು ಇಳಿಸಿದ ಮೇಲೆಯೇ ಆ ಭಯ ಹೋದದ್ದು. ಅಂದಿನ ಬಾವಿಗಳೆಲ್ಲ ನಿರಪಾಯವಾಗಿದ್ದುವೆಂದು ನಾನು ಹೇಳಲಾರೆ. ಬಾವಿಗೆ ಬಿದ್ದ ಕೂಸಿನ ಕಥೆಯಿಲ್ಲದ ಊರು ಯಾವುದು? ಆದರೂ ಒಂದು ಮಾತನ್ನು ಒಪ್ಪಬೇಕು: ಬಾವಿ ತಾನು ಬಾವಿಯೆಂಬುದನ್ನು ಬಚ್ಚಿಡುತ್ತಿರಲಿಲ್ಲ. ‘ಹಗಲು ಕಂಡ ಬಾವಿಗೆ ಇರುಳು ಬಿದ್ದಂತೆ’ ಎಂಬ ಗಾದೆ ಹುಟ್ಟಬೇಕಾದರೆ ಹಗಲಿನಲ್ಲಾದರೂ ಅದು ಕಾಣುತ್ತಿರಬೇಕಷ್ಟೆ.

ಈಗ ನಾವು ಪಟ್ಟಣದ ಬಡಾವಣೆಯೊಂದರಲ್ಲಿರುವವರು. ನಮ್ಮ ನೀರು ಅಂಗಳದ ಕೆಳಗಿದೆ. ಅದರ ಹೆಸರು ಸಂಪು. ಇಂಗ್ಲಿಷಿನಿಂದ ಬಂದ ಈ ಶಬ್ದ ಕೊನೆಗೊಂದು ಉಕಾರವನ್ನು ಪಡೆದು, ತಂಪು, ಕಂಪು, ಇಂಪುಗಳ ಪಂಕ್ತಿಯಲ್ಲಿ ನಿರಪರಾಧಿಯಂತೆ ಕುಳಿತುಬಿಟ್ಟಿದೆ. ಕನ್ನಡದ ಅಧ್ಯಾಪಕನಾದ ನಾನು ಇದನ್ನು ತರಗತಿಯಲ್ಲಿ ವಿನೋದಕ್ಕಾಗಿ ಹೇಳಿದ್ದುಂಟು. ಈಗ ಹೇಳುವುದಿಲ್ಲ.

2024ರ ಗೌರಿ ಹಬ್ಬಕ್ಕೆ ತಂಗಿ ತನ್ನ ಒಂದೂವರೆ ವರ್ಷದ ಮಗನೊಡನೆ ತವರಿಗೆ ಬಂದಿದ್ದಳು. ಮನೆಯ ತುಂಬ ಜನ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು. ಎಷ್ಟು ತುಂಬಿತೆಂದು ನೋಡಲು ಸಂಪಿನ ಕಬ್ಬಿಣದ ಮುಚ್ಚಳವನ್ನು ಸರಿಸಿದವನು ನಾನೇ. ಅಷ್ಟರಲ್ಲಿ ಗೇಟಿನ ಬಳಿ ಯಾರೋ ಕರೆದರು. ಎರಡು ಮಾತು, ನಾಲ್ಕು ಮಾತು. ಒಳಗಿನಿಂದ ತಂಗಿ, “ಅಣ್ಣಾ, ಪುಟ್ಟ ನಿನ್ನ ಹತ್ತಿರ ಇದ್ದಾನಲ್ಲವಾ?” ಎಂದಳು. ಇರಲಿಲ್ಲ. ತಿರುಗಿ ನೋಡಿದರೆ ಮಗು ಸಂಪಿನ ಬಾಯಿಯ ಅಂಚಿನಲ್ಲಿ ಕುಕ್ಕರಿಸಿ, ತನ್ನ ಪ್ರತಿಬಿಂಬಕ್ಕೆ ಕೈ ಚಾಚುತ್ತಿತ್ತು. ಕೂಗಿದರೆ ಬೆಚ್ಚಿ ಬಿದ್ದೀತೆಂಬ ವಿವೇಕ ಆ ಕ್ಷಣ ಹೇಗೆ ಬಂದಿತೋ ಕಾಣೆ. ಹಿಂದಿನಿಂದ ಹೋಗಿ ಎತ್ತಿಕೊಂಡೆ. ಬಾಗಿಲಲ್ಲಿ ನಿಂತಿದ್ದ ತಂಗಿ ಒಂದು ಮಾತನ್ನೂ ಆಡಲಿಲ್ಲ. ಅಂದು ಬಾಗಿನದೊಡನೆ ಸೀರೆಯನ್ನು ಕೊಡುವಾಗ ಅವಳ ಮುಖವನ್ನು ನೋಡುವುದು ನನ್ನಿಂದಾಗಲಿಲ್ಲ.

ಮಗು ನನ್ನ ಬಳಿಯಿದೆಯೆಂದು ಅವಳು, ಅವಳ ಬಳಿಯಿದೆಯೆಂದು ನಾನು, ಅಜ್ಜಿಯ ಬಳಿಯಿದೆಯೆಂದು ಉಳಿದವರು! ಹತ್ತು ಜನರಿರುವ ಮನೆಯಲ್ಲಿ ಇಪ್ಪತ್ತು ಕಣ್ಣುಗಳಿರುತ್ತವೆಂಬುದು ಬರಿಯ ಲೆಕ್ಕ. ಹಬ್ಬ, ಮದುವೆ, ನಾಮಕರಣಗಳ ಸಂಭ್ರಮದಲ್ಲಿ ಮಗುವಿನ ಮೇಲೆ ಕಣ್ಣಿಡಲು ಇಂಥವರೇ ಎಂದು ಒಬ್ಬರನ್ನು ಹೆಸರಿಟ್ಟು ಹೇಳದಿದ್ದರೆ ಯಾರೂ ಇಲ್ಲವೆಂದೇ ತಿಳಿಯಬೇಕು. ಆ ಒಬ್ಬರೂ ಕೈಗೆಟಕುವಷ್ಟು ಸಮೀಪದಲ್ಲಿರಬೇಕು, ಅವರ ಕೈಯಲ್ಲಿ ಫೋನು ಇರಕೂಡದು.

ಆಮೇಲೆ ನಾನು ಈ ವಿಷಯವನ್ನು ಓದತೊಡಗಿದೆ. ಮುಳುಗುವವರು ಕೂಗುತ್ತಾರೆ, ಕೈಕಾಲು ಬಡಿಯುತ್ತಾರೆ ಎಂಬುದು ಸಿನಿಮಾದ ಕಲ್ಪನೆ. ಉಸಿರೇ ಸಿಕ್ಕದ ಮಗು ಕೂಗುವುದೆಂತು? ಅದು ಸದ್ದಿಲ್ಲದೆ, ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಎಳೆಯ ಮಕ್ಕಳಿಗೆ ಮೈಯ ಅಳತೆಗೆ ತಲೆಯ ಭಾರ ಹೆಚ್ಚು. ಬಚ್ಚಲುಮನೆಯ ಬಕೆಟ್ಟಿಗೆ ತಲೆಕೆಳಗಾಗಿ ಬಿದ್ದರೆ ಮೇಲೇಳಲಾರವು. ಗೇಣುದ್ದದ ನೀರೂ ಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2021ರಲ್ಲಿ ಲೋಕದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ. ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಕೂಸುಗಳು.

ಹಳ್ಳಿಗಳಲ್ಲಿ ಇನ್ನೊಂದು ಬಗೆಯ ನೀರು ಬಂದಿದೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಿಂದ ಬಯಲುಸೀಮೆಯ ಎಷ್ಟೋ ಹೊಲಗಳಲ್ಲಿ ಕೃಷಿ ಹೊಂಡಗಳಾದುವು. ಒಣಗುವ ಬೆಳೆಯನ್ನು ಅವು ಉಳಿಸಿವೆ, ಸಂದೇಹವಿಲ್ಲ. ಆದರೆ ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ನುಣುಪಾಗುತ್ತದೆ. ಜಾರಿದ ಮಗು ಹತ್ತಲಾರದು. ಎತ್ತಲು ಇಳಿದ ತಾಯಿಯೂ ಹತ್ತಲಾರಳು. ಸುತ್ತ ಒಂದು ತಂತಿಬೇಲಿ, ಗೂಟಕ್ಕೆ ಬಿಗಿದು ಒಳಕ್ಕೆ ಇಳಿಬಿಟ್ಟ ಗಂಟುಹಗ್ಗ, ಇವು ದೊಡ್ಡ ವೆಚ್ಚದ ಸಂಗತಿಗಳಲ್ಲ. ನಗರದ ಸಿರಿವಂತರ ಈಜುಕೊಳಕ್ಕೂ ಇದೇ ಮಾತು: ಮೂರು ಕಡೆ ಬೇಲಿ ಹಾಕಿ ನಾಲ್ಕನೆಯದಕ್ಕೆ ಮನೆಯ ಗೋಡೆಯನ್ನೇ ನಂಬಿದರೆ, ಆ ಗೋಡೆಯ ಬಾಗಿಲೇ ಮಗುವಿನ ದಾರಿ. ನಾಲ್ಕೂ ಕಡೆ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಗೇಟು ಬೇಕು.

ನೀರಿನಿಂದ ತೆಗೆದ ಮಗುವನ್ನು ಕಾಲು ಹಿಡಿದು ಗಿರ್ರನೆ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮಲ್ಲಿ ರೂಢಿ. ಅದರಿಂದ ಹೊತ್ತು ಕಳೆದು ಕೇಡೇ ಹೆಚ್ಚು. ಉಸಿರಾಟವಿಲ್ಲದಿದ್ದರೆ ಒಡನೆಯೇ ಬಾಯಿಗೆ ಬಾಯಿಟ್ಟು ಉಸಿರು ತುಂಬಬೇಕು, ಬಳಿಕ ಎದೆಯನ್ನು ಒತ್ತಬೇಕು, ಸಹಾಯ ಬರುವವರೆಗೆ ಎರಡನ್ನೂ ನಿಲ್ಲಿಸದೆ ಮಾಡುತ್ತಿರಬೇಕು; ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಕರೆಮಾಡಬೇಕು. ಇದನ್ನು ಓದಿ ಕಲಿತರೆ ಸಾಲದು, ಬಲ್ಲವರಿಂದ ಕೈಯಾರೆ ಕಲಿಯಬೇಕು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಈಜನ್ನೂ ಕಲಿಸಬೇಕು. ಸೋರೆಬುರುಡೆಯ ಸೋದರಮಾವಂದಿರು ಈಗ ಎಲ್ಲಿ ಸಿಗುತ್ತಾರೆ!

ಹಬ್ಬದ ಮರುದಿನವೇ ನಾನು ವೆಲ್ಡಿಂಗ್ ಅಂಗಡಿಯವನನ್ನು ಕರೆತಂದೆ. ಮುಚ್ಚಳದ ಕೆಳಗೊಂದು ಕಬ್ಬಿಣದ ಜಾಲರಿ, ಅದಕ್ಕೊಂದು ಬೀಗ. ಈಗ ನೀರಿನ ಮಟ್ಟವನ್ನು ಜಾಲರಿಯ ಮೂಲಕವೇ ನೋಡುತ್ತೇನೆ. ಬೀಗದ ಕೈ ಅಮ್ಮನ ಸೆರಗಿನಲ್ಲಿದೆ.

2025ರ ಗೌರಿಗೂ ತಂಗಿ ಬಂದಳು. ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಅಂಗಳಕ್ಕೆ ಕಾಲಿಟ್ಟವಳು ನೇರವಾಗಿ ಸಂಪಿನ ಬಳಿಗೆ ಹೋಗಿ, ಮುಚ್ಚಳವನ್ನು ಕಾಲಿನಿಂದ ಒಮ್ಮೆ ಒತ್ತಿ ನೋಡಿ, ಆಮೇಲೆ ಒಳಗೆ ನಡೆದಳು.