ಸಂಜೆ ಹಾಲಿನ ಹೊತ್ತಿಗೆ ಮನೆ ಸೇರಿಸುವ ಗಾಡಿ



ಮಲೆನಾಡಿನ ಒಂದು ಸಂಘದಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತಿದ್ದಾಗ ಒಬ್ಬ ಅಕ್ಕ ಕೇಳಿದರು: "ಮೇಡಂ, ಹಸು ತರೋವಾಗ ನಿಮ್ಮನ್ನ ಕೇಳ್ತೀವಿ. ಈಗ ಒಂದು ಹಳೇ ಪಿಕಪ್ ತಗೋಬೇಕು ಅಂತಿದೀನಿ, ಫೋರ್ ವೀಲ್ ಡ್ರೈವ್ ಇರೋದು. ಮೇವು ತರೋಕಲ್ಲ, ಮಕ್ಕಳನ್ನ ಕರ್ಕೊಂಡು ಎಲ್ಲಾದ್ರೂ ಸುತ್ತಾಡಿ ಬರೋಕೆ."

ಪಕ್ಕದಲ್ಲಿದ್ದವರು ನಕ್ಕರು. ಆದರೆ ಆ ಅಕ್ಕನ ಆಸೆ ನ್ಯಾಯವಾದದ್ದೇ. ವರ್ಷದ 365 ದಿನವೂ ಎರಡು ಹೊತ್ತು ಹಾಲು ಕರೆಯುವ ನಿಮಗೆ ರಜೆ ಎಂದರೆ ಬೆಳಗಿನ ಹಾಲು ಡೇರಿಗೆ ಹಾಕಿದ ಮೇಲೆ ಸಿಗುವ ಏಳೆಂಟು ಗಂಟೆ ಮಾತ್ರ. ಅಷ್ಟರಲ್ಲೇ ಗುಡ್ಡದ ಮೇಲಿನ ದೇವಸ್ಥಾನಕ್ಕೋ ಹೊಳೆದಂಡೆಗೋ ಹೋಗಿ ಬರಬೇಕು. ದಾರಿಯಲ್ಲಿ ಗಾಡಿ ಹೂತುಹೋದರೆ ಇತ್ತ ಕೊಟ್ಟಿಗೆಯಲ್ಲಿ ಕೆಚ್ಚಲು ಬಿಗಿದು ಹಸು ಕೂಗುತ್ತಿರುತ್ತದೆ. ಹೊತ್ತು ಮೀರಿ ಹಾಲು ಉಳಿದರೆ ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಹಾಗಾಗಿ ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕಿಂತ, ಸಂಜೆಗೆ ಮನೆ ಸೇರಿಸುತ್ತದೆಯೇ ಎಂದು ನೋಡಿ ಗಾಡಿ ಆರಿಸಬೇಕು.

ಈ ವಿಷಯದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದವಳು. ಹಳೆಯ ಪಿಕಪ್ ಕೊಂಡಾಗ ಲಿವರ್ ಎಳೆದೆ, ಮೀಟರಿನಲ್ಲಿ ದೀಪ ಹತ್ತಿತು, ಅಷ್ಟಕ್ಕೇ ನಂಬಿದೆ. ಮೊದಲ ಮಳೆಗೆ ಗದ್ದೆ ಬದಿಯ ಕೆಸರಿನಲ್ಲಿ ಹಿಂದಿನ ಚಕ್ರ ಸುತ್ತುತ್ತಲೇ ಇತ್ತು, ಮುಂದಿನದು ಅಲುಗಲಿಲ್ಲ. ಎರಡು ತಿಂಗಳ ಸಂಬಳ ರಿಪೇರಿಗೆ ಹೋಯಿತು.

ಹೆಸರು ನೋಡಿ ಕೊಳ್ಳಬೇಡಿ

ಹಳೆಯ ಗಾಡಿಗಳ ಮಾರುಕಟ್ಟೆಯಲ್ಲಿ ಬೊಲೆರೊ ಕ್ಯಾಂಪರ್, ಟಾಟಾ ಜೆನಾನ್, ಟಾಟಾ ಯೋಧ, ಇಸುಜು ವಿ-ಕ್ರಾಸ್ ಸಿಗುತ್ತವೆ. ಇವುಗಳಲ್ಲಿ ಫೋರ್ ವೀಲ್ ಡ್ರೈವ್ ಮಾದರಿ ಬಂದಿರುವುದು ನಿಜ. ಆದರೆ ಕ್ಯಾಂಪರ್, ಜೆನಾನ್, ಯೋಧ ಹೆಸರಿನಲ್ಲಿ ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಇರುವ ಗಾಡಿಗಳೂ ಇವೆ. ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಬಗ್ಗಿ ಗಾಡಿಯ ಅಡಿ ನೋಡಿ. ನಡುವಿನಿಂದ ಹಿಂದಕ್ಕೆ ಒಂದು ಶಾಫ್ಟ್ ಹೋಗುವಂತೆ ಮುಂದಿನ ಚಕ್ರದ ಕಡೆಗೂ ಇನ್ನೊಂದು ಹೋಗಿರಬೇಕು.

ಮನೆಮಂದಿ ಹೋಗುವುದಾದರೆ ಎರಡು ಸಾಲು ಸೀಟಿನ ಡಬಲ್ ಕ್ಯಾಬಿನ್ನೇ ಬೇಕು. ವಿ-ಕ್ರಾಸ್ ಕೂರಲು ಹಿತ, ಆದರೆ ಐದು ಮೀಟರಿಗಿಂತ ಉದ್ದ. ನಿಮ್ಮ ಓಣಿಯಲ್ಲಿ ತಿರುಗುತ್ತದೆಯೇ ಮೊದಲು ಅಳೆಯಿರಿ. ಬಿಡಿಭಾಗ ತಾಲ್ಲೂಕು ಕೇಂದ್ರದಲ್ಲಿ ಸಿಗುತ್ತದೆಯೇ ಎಂದು ಮೆಕ್ಯಾನಿಕ್‌ನನ್ನು ಕೇಳಿ.

ಹಸು ನೋಡಿದ ಹಾಗೆ ನೋಡಿ

ಹಿಂದಿನ ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ದೊಡ್ಡದು ಮಾಡಿ ತೋರಿಸುವ ದಲ್ಲಾಳಿಗಳು ನಿಮಗೆ ಗೊತ್ತು. ಗಾಡಿ ಮಾರುವವರೂ ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿರುತ್ತಾರೆ. ಬೆಳಿಗ್ಗೆ ಬೇಗ ಹೋಗಿ ಬಾನೆಟ್ ಮುಟ್ಟಿ ನೋಡಿ. ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಿಡುತ್ತಲೇ ಇದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ.

ಚಾಸಿಯ ತುಕ್ಕು ನೋಡಿ. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಇನ್ನೂ ಹುಷಾರು, ಉಪ್ಪಿನ ಗಾಳಿ ಕಬ್ಬಿಣ ತಿನ್ನುತ್ತದೆ. ಮುಂದಿನ ಚಕ್ರಗಳ ಒಳಬದಿಯ ರಬ್ಬರ್ ಬೂಟು ಹರಿದಿರಬಾರದು. ಮೆಕ್ಯಾನಿಕ್ ಕೈಯಲ್ಲಿ ಮುಂದಿನ ಡಿಫರೆನ್ಷಿಯಲ್ ಆಯಿಲ್ ತೆಗೆಸಿ. ಹಾಲು ಹಾಕಿದ ಚಹಾದ ಬಣ್ಣವಿದ್ದರೆ ಒಳಗೆ ನೀರು ಸೇರಿದೆ, ಬೇಡ ಅನ್ನಿ. ನಾಲ್ಕೂ ಟೈರು ಒಂದೇ ಅಳತೆಯವಿರಲಿ. ಟೈರಿನ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ: 2319 ಎಂದರೆ 2019ರ 23ನೇ ವಾರ ತಯಾರಾದದ್ದು.

ನೀವೇ ಓಡಿಸಿ

ಲೈಸೆನ್ಸ್ ಇದ್ದರೆ ಸ್ಟೇರಿಂಗ್ ನೀವೇ ಹಿಡಿಯಿರಿ. ಮುಂದೆ ಓಡಿಸುವವರು ನೀವು. ಕ್ಲಚ್ ಕಾಲಿಗೆ ಎಟುಕುತ್ತದೆಯೇ ಎಂದು ಬಾವನವರಿಗೆ ಹೇಗೆ ಗೊತ್ತಾಗಬೇಕು? ಟಾರು ರಸ್ತೆಯಲ್ಲಿ ನೋಡಿ ಸುಮ್ಮನಾಗದೆ ಒದ್ದೆ ಮಣ್ಣಿನ ಏರಿಗೆ ಒಯ್ಯಿರಿ. 4ಎಚ್ ಹಾಕಿ ನಿಧಾನ ಹತ್ತಿಸಿ, ಒಬ್ಬರು ದೂರ ನಿಂತು ಮುಂದಿನ ಚಕ್ರವೂ ಎಳೆಯುತ್ತಿದೆಯೇ ನೋಡಲಿ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿಟ್ಟು 4ಎಲ್ ಹಾಕಿ. ಕಡಿದಾದ ಇಳಿಜಾರಿನಲ್ಲಿ ಬ್ರೇಕಿಗಿಂತ ಇದೇ ಆಸರೆ. ಕಟಕಟ ಸದ್ದು ಬಂದರೆ, ಗೇರ್ ತಾನೇ ಜಾರಿದರೆ ವಾಪಸ್ ಬನ್ನಿ. ಈ ಗಾಡಿಗಳಲ್ಲಿ ಒಣ ಟಾರು ರಸ್ತೆಗೆ ಬಂದ ಕೂಡಲೇ 2ಎಚ್‌ಗೆ ತನ್ನಿ, ಇಲ್ಲವಾದರೆ ಹಲ್ಲುಗಳು ಸವೆಯುತ್ತವೆ.

ಕಾಗದ ನಿಮ್ಮ ಹೆಸರಿಗೆ

ಹಾಲಿನ ಬಟವಾಡೆಯಿಂದ ಕಂತು ಕಟ್ಟುವವರು ನೀವಾದರೆ ಆರ್‌ಸಿಯೂ ನಿಮ್ಮ ಹೆಸರಿನಲ್ಲೇ ಇರಲಿ. ಚಾಸಿ ನಂಬರ್, ಎಂಜಿನ್ ನಂಬರ್ ತಾಳೆ ನೋಡಿ. ಹಿಂದಿನವರ ಸಾಲ ಬಾಕಿಯಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಸೇರುವವರೆಗೆ ಪೂರ್ತಿ ಹಣ ಕೊಡಬೇಡಿ. ಫಾರಂ 29, 30ಕ್ಕೆ ಸಹಿ ಆಗಲಿ. ವಿಮೆಯ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಕೊಡಿ. ಹಳದಿ ಬೋರ್ಡಿನ ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೊರಡುವ ದಿನ

ಹಿಂದಿನ ತೆರೆದ ಭಾಗದಲ್ಲಿ ಯಾರನ್ನೂ ಕೂರಿಸಬೇಡಿ, ಮಕ್ಕಳನ್ನಂತೂ ಬೇಡವೇ ಬೇಡ. ಅದು ಕಾನೂನಿಗೆ ವಿರುದ್ಧ. ಗಾಡಿ ಮಗುಚಿದರೆ ಮೊದಲು ಹೊರಗೆ ಎಸೆಯಲ್ಪಡುವವರು ಅವರೇ. ಮೀಸಲು ಅರಣ್ಯಕ್ಕೆ ಅನುಮತಿಯಿಲ್ಲದೆ ಗಾಡಿ ಇಳಿಸಬೇಡಿ. ಆಳ ಗೊತ್ತಿಲ್ಲದ ಹಳ್ಳ ದಾಟಬೇಡಿ. ಹಗ್ಗ, ಗುದ್ದಲಿ, ಜಾಕ್ ಜೊತೆಗಿರಲಿ. ಹೊರಡುವ ಮುನ್ನ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ, ತಡವಾದರೆ ಹಾಲು ಕರೆಯಲು ಒಬ್ಬರನ್ನು ಒಪ್ಪಿಸಿಡಿ.

ಆ ಅಕ್ಕ ಮೊದಲು ನೋಡಿದ ಗಾಡಿಯ ಡಿಫರೆನ್ಷಿಯಲ್ ಆಯಿಲ್ ಚಹಾದ ಬಣ್ಣದ್ದಿತ್ತು. ಬಿಟ್ಟು ಬಂದರು. ಇನ್ನೊಂದನ್ನು ನೋಡುತ್ತಿದ್ದಾರೆ, ಅವಸರವಿಲ್ಲ. ಅಷ್ಟರಲ್ಲಿ ಡ್ರೈವಿಂಗ್ ಕಲಿಯಲು ಸೇರಿದ್ದಾರೆ. ನೀವೂ ಅಲ್ಲಿಂದಲೇ ಶುರು ಮಾಡಿ.

— ನಿಮ್ಮ ಪಶುವೈದ್ಯಾಧಿಕಾರಿ