ಎರಡು ಹಾಳೆ ಅಕ್ಕಪಕ್ಕ

ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರು ಎರಡು ಕಾಯಿಗಳನ್ನು ಎರಡು ಕೈಯಲ್ಲಿ ಹಿಡಿದು ತೂಗಿ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಒಂದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಆ ಕಾಯಿ ಎಷ್ಟು ಗ್ರಾಂ ಎಂದು ಕೇಳಿದರೆ ನಕ್ಕುಬಿಡುತ್ತಾರೆ. ಎರಡರಲ್ಲಿ ಯಾವುದು ಭಾರ ಎಂದು ಕೇಳಿ, ತಪ್ಪುವುದು ಅಪರೂಪ. ಮಕ್ಕಳ ಕಲಿಕೆಯನ್ನು ಅಳೆಯುವ ಕೆಲಸಕ್ಕೂ ಈ ಕೈತೂಕಕ್ಕೂ ಹತ್ತಿರದ ನಂಟಿದೆ.

ನಮ್ಮ ಶಾಲೆಗಳಿಗೆ ‘ಕೃತಿ ಸಂಪುಟ’ ಎಂಬ ಮಾತು ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿ-ಕಲಿಯ ತರಗತಿಗೆ ಹೋದವರು ತಲೆಯ ಮೇಲೆ ದಾರ ಕಟ್ಟಿದ ಚಪ್ಪರವನ್ನೂ ಅದರಿಂದ ಇಳಿಬಿಟ್ಟ ಮಕ್ಕಳ ಚಿತ್ರ, ಕಾಗದದ ಹೂವುಗಳನ್ನೂ ಕಂಡಿರುತ್ತಾರೆ. ವರ್ಷದುದ್ದಕ್ಕೂ ಮಗು ಬರೆದದ್ದು, ಬಿಡಿಸಿದ್ದು, ಅಂಟಿಸಿದ್ದು ಒಂದು ಕಡತದಲ್ಲಿ ಸೇರುತ್ತದೆ, ಅದೇ ಕೃತಿ ಸಂಪುಟ. ಮಳೆಗಾಲದಲ್ಲಿ ನೆನೆಯುತ್ತದೆ, ಬೇಸಿಗೆ ರಜೆಯಲ್ಲಿ ಇಲಿಗೆ ಸಿಗುತ್ತದೆ. ಈಗ ಅದು ಫೋನಿಗೂ ಟ್ಯಾಬಿಗೂ ಏರತೊಡಗಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅಂಕಪಟ್ಟಿಯ ಜಾಗಕ್ಕೆ ಸಮಗ್ರ ಪ್ರಗತಿ ಪತ್ರ ಬರಬೇಕೆಂದಿತು. 2023ರಲ್ಲಿ ಎನ್‌ಸಿಇಆರ್‌ಟಿಯೊಳಗೆ ‘ಪರಖ್’ ಎಂಬ ಮೌಲ್ಯಮಾಪನ ಕೇಂದ್ರ ತೆರೆಯಿತು. ಮಗುವಿನ ಕೆಲಸವೇ ಸಾಕ್ಷಿಯಾಗಬೇಕು ಎಂಬುದು ಇವೆಲ್ಲದರ ಹಿಂದಿನ ಆಸೆ. ಆ ಸಾಕ್ಷಿಯನ್ನು ಓದುವುದು ಹೇಗೆ ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬ ಇಬ್ಬರು ಒಂದು ಕಿಡಿಗೇಡಿ ಕೆಲಸ ಮಾಡಿದರು. ಇಂಗ್ಲಿಷ್ ಪರೀಕ್ಷೆಯ ಒಂದೇ ಉತ್ತರಪತ್ರಿಕೆಯ ನಕಲುಗಳನ್ನು ನೂರಕ್ಕೂ ಹೆಚ್ಚು ಶಾಲೆಗಳ ಶಿಕ್ಷಕರಿಗೆ ಕಳಿಸಿ ನೂರಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಒಬ್ಬರು 64 ಕೊಟ್ಟರು, ಇನ್ನೊಬ್ಬರು 98. ಭಾಷೆಯ ಪತ್ರಿಕೆಯಲ್ಲಿ ಹಾಗಾಗುವುದು ಸಹಜ, ಗಣಿತದಲ್ಲಿ ಆಗದು ಎಂದು ಟೀಕೆ ಬಂತು. ಮರುವರ್ಷ ಜ್ಯಾಮಿತಿಯ ಪತ್ರಿಕೆಯೊಂದನ್ನು ಹಾಗೆಯೇ ಕಳಿಸಿದರು. ಅಂಕಗಳು 28ರಿಂದ 90ರ ಆಚೆಯವರೆಗೆ ಹರಡಿಕೊಂಡವು. ಒಂದು ಪತ್ರಿಕೆಯ ಗತಿಯೇ ಹೀಗಾದರೆ, ಚಿತ್ರ, ಮಾದರಿ, ಪ್ರಬಂಧ, ಧ್ವನಿಮುದ್ರಿಕೆ ಎಲ್ಲ ಬೆರೆತ ವರ್ಷದ ಕಡತದ ಗತಿಯೇನು?

ವೆರ್ಮಾಂಟ್ ಎಂಬ ಪುಟ್ಟ ಅಮೆರಿಕನ್ ರಾಜ್ಯ ಇದಕ್ಕೆ ಉತ್ತರ ಕಂಡುಕೊಂಡಿತು, ತುಸು ನೋವಿನಿಂದಲೇ. 1991-92ರಲ್ಲಿ ಅಲ್ಲಿ 4 ಮತ್ತು 8ನೇ ತರಗತಿಯ ಮಕ್ಕಳ ಬರವಣಿಗೆ ಹಾಗೂ ಗಣಿತದ ಕೃತಿ ಸಂಪುಟಗಳನ್ನು ರಾಜ್ಯದುದ್ದಕ್ಕೂ ಮೌಲ್ಯಮಾಪನಕ್ಕೆ ಬಳಸಿದರು. ರ್‍ಯಾಂಡ್ ಸಂಸ್ಥೆಯ ಪರವಾಗಿ ಡೇನಿಯಲ್ ಕೊರೆಟ್ಜ್ ಮತ್ತು ಸಂಗಡಿಗರು ಅದನ್ನು ಪರಿಶೀಲಿಸಿದರು. ಒಂದೇ ಸಂಪುಟವನ್ನು ಇಬ್ಬರು ಶಿಕ್ಷಕರು ನೋಡಿದಾಗ ಅವರ ಅಂಕಗಳು ಎಷ್ಟು ತಾಳೆಯಾಗುತ್ತವೆ? ಪೂರ್ತಿ ಹೊಂದಿದರೆ 1, ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ 0 ಎಂದುಕೊಂಡರೆ, ಮೊದಲ ವರ್ಷದ ಸರಾಸರಿ 0.33ರಿಂದ 0.43ರ ನಡುವೆ ಸಿಕ್ಕಿತು. ಇದರ ಮೇಲೆ ಶಾಲೆ ಶಾಲೆಗಳನ್ನು ಹೋಲಿಸಲಾಗದು. ಮರುವರ್ಷ ಗಣಿತದಲ್ಲಿ ಸುಧಾರಿಸಿತು, ಬರವಣಿಗೆಯಲ್ಲಿ ಅಷ್ಟಾಗಿ ಇಲ್ಲ. ತಮಾಷೆಯೆಂದರೆ ಅದೇ ಅಧ್ಯಯನದಲ್ಲಿ ಶಿಕ್ಷಕರು ಈ ಕಾರ್ಯಕ್ರಮವನ್ನು ಮೆಚ್ಚಿಕೊಂಡಿದ್ದರು. ಹೊರೆ ಬಹಳ ಎಂದರು, ಆದರೆ ತರಗತಿಯಲ್ಲಿ ಸಮಸ್ಯೆ ಬಿಡಿಸುವುದಕ್ಕೆ ಮೊದಲಿಗಿಂತ ಹೆಚ್ಚು ಹೊತ್ತು ಕೊಡುತ್ತಿದ್ದೇವೆ ಎಂದೂ ಹೇಳಿದರು. ಪಾಠಕ್ಕೆ ಒಳ್ಳೆಯದಾದದ್ದು ರ್‍ಯಾಂಕಿಗೆ ಒಗ್ಗಲಿಲ್ಲ. ಈ ಬಿರುಕನ್ನು ಮರೆತು ಮಾಡುವ ಯಾವ ಯೋಜನೆಯೂ ನನಗೆ ಅನುಮಾನ ಹುಟ್ಟಿಸುತ್ತದೆ.

ಇಲ್ಲಿಗೆ ತೆಂಗಿನಕಾಯಿ ಮರಳಿ ಬರುತ್ತದೆ. ಮನುಷ್ಯರು ಒಂದೊಂದನ್ನೇ ನೋಡಿ ಬೆಲೆ ಕಟ್ಟುವುದರಲ್ಲಿ ಎಡವುತ್ತಾರೆ, ಎರಡನ್ನು ಹೋಲಿಸುವುದರಲ್ಲಿ ಗಟ್ಟಿಗರು ಎಂಬುದನ್ನು ಗಣಿತಕ್ಕೆ ಇಳಿಸಿದವರು ಲೂಯಿ ಥರ್ಸ್ಟನ್. 1927ರಲ್ಲಿ ಅವರು ಮುಂದಿಟ್ಟ ‘ತುಲನಾತ್ಮಕ ತೀರ್ಪಿನ ನಿಯಮ’ದ ತಿರುಳು ಸರಳ. ಜೋಡಿ ಜೋಡಿಯಾಗಿ ಇಟ್ಟು ‘ಇದಾ, ಅದಾ’ ಎಂದಷ್ಟೇ ಕೇಳುತ್ತ ಹೋದರೆ, ಸಾಕಷ್ಟು ತೀರ್ಪು ಸೇರಿದ ಮೇಲೆ ಎಲ್ಲವನ್ನೂ ಒಂದೇ ಅಳತೆಕೋಲಿನ ಮೇಲೆ ಕೂರಿಸಬಹುದು. ಯಾರೂ ಅಂಕ ಕೊಟ್ಟಿರುವುದಿಲ್ಲ, ಆದರೂ ಅಳತೆ ಸಿಗುತ್ತದೆ.

ಕಾಗದದ ಕಡತಗಳಿಗೆ ಇದನ್ನು ಮಾಡಹೋದರೆ ಹೊತ್ತು ತಿರುಗುವುದೇ ಕೆಲಸವಾಗುತ್ತದೆ. ನೂರು ಮಕ್ಕಳ ಸಂಪುಟಗಳಲ್ಲಿ 4,950 ಜೋಡಿಗಳಿವೆ. ಪ್ರತಿಯೊಂದನ್ನು ಹತ್ತು ಸಲ ಬೇರೆ ಬೇರೆಯದರ ಜೊತೆ ಇಟ್ಟು ನೋಡಿದರೂ 500 ಹೋಲಿಕೆ, ಅದೂ ಹತ್ತಾರು ತೀರ್ಪುಗಾರರ ಮನೆಗಳ ನಡುವೆ. ಡಿಜಿಟಲ್ ಆದಾಗ ಕಡತ ಜಾಗ ಬಿಟ್ಟು ಕದಲಬೇಕಿಲ್ಲ. ಲಂಡನ್ ವಿಶ್ವವಿದ್ಯಾಲಯದ ಗೋಲ್ಡ್‌ಸ್ಮಿತ್ಸ್‌ನಲ್ಲಿ ರಿಚರ್ಡ್ ಕಿಂಬೆಲ್ ನಡೆಸಿದ ‘ಇ-ಸ್ಕೇಪ್’ ಯೋಜನೆ ಹಿಡಿದದ್ದು ಇದೇ ದಾರಿ.

ಅಲ್ಲಿನ ಮಕ್ಕಳಿಗೆ ಕೊಟ್ಟ ಕೆಲಸ ಚೆಂದದ್ದು. ವಿದ್ಯುತ್ ಬಲ್ಬಿನ ರಟ್ಟಿನ ಪೊಟ್ಟಣವನ್ನು, ಬಲ್ಬು ತೆಗೆದ ಮೇಲೂ ಎಸೆಯದೆ ದೀಪದ ಅಲಂಕಾರವಾಗಿ ಬಳಸುವಂತೆ ಹೊಸದಾಗಿ ವಿನ್ಯಾಸ ಮಾಡಬೇಕು. ಎರಡು ಬೆಳಗು, ಒಟ್ಟು ಆರು ಗಂಟೆ. ಸ್ಮಾರ್ಟ್‌ಫೋನ್ ಇನ್ನೂ ಮನೆಮಾತಾಗದ ಕಾಲ, ಮಕ್ಕಳ ಕೈಯಲ್ಲಿ ಅಂಗೈಯಗಲದ ಪುಟ್ಟ ಕಂಪ್ಯೂಟರ್. ಅದರಲ್ಲೇ ಗೀಚಿದರು, ಮಾದರಿಯ ಫೋಟೊಗಳನ್ನು ಆಗಾಗ ತೆಗೆದರು, ಈಗ ಏನು ಮಾಡುತ್ತಿದ್ದೇನೆ, ಮುಂದೇನು ಎಂದು ಅರ್ಧ ನಿಮಿಷ ಮಾತಾಡಿ ಸೇರಿಸಿದರು. ಮನೆಗೆ ಹೋಗಿ ಅಪ್ಪನ ಕೈಯಿಂದ ತಿದ್ದಿಸಿ ತರುವ ಪ್ರಾಜೆಕ್ಟ್‌ಗಳನ್ನು ಬಲ್ಲ ನಮಗೆ ಇದರ ಬೆಲೆ ಗೊತ್ತು. ಇಲ್ಲಿ ಕೊನೆಯ ವಸ್ತುವಿನ ಜೊತೆಗೆ ಅದು ಹುಟ್ಟಿದ ದಾರಿಯೂ ದಾಖಲಾಗಿತ್ತು. ಎಲ್ಲಿ ತಡವರಿಸಿದರು, ಯಾವ ಯೋಚನೆಯನ್ನು ಕೈಬಿಟ್ಟರು ಎಂಬುದೂ ಕಾಣುತ್ತಿತ್ತು.

ನಂತರ ಅಲಿಸ್ಟೇರ್ ಪೊಲಿಟ್ ರೂಪಿಸಿದ ವಿಧಾನದಂತೆ ತೀರ್ಪುಗಾರರು ಪರದೆಯ ಮೇಲೆ ಎರಡೆರಡು ಸಂಪುಟಗಳನ್ನು ನೋಡಿ ಒಂದನ್ನು ಆರಿಸಿದರು. ಜೋಡಿಗಳನ್ನು ಆಯ್ದು ಕೊಡುವುದು ಕಂಪ್ಯೂಟರ್. ಚೆಸ್ ಟೂರ್ನಿಯ ಸ್ವಿಸ್ ಪದ್ಧತಿಯಂತೆ ಗೆದ್ದವಕ್ಕೆ ಗೆದ್ದವು, ಸೋತವಕ್ಕೆ ಸೋತವು ಎದುರಾಗುತ್ತ ಹೋಗುತ್ತವೆ. ಬಂದ ವಿಶ್ವಾಸಾರ್ಹತೆ 0.95. ವೆರ್ಮಾಂಟಿನ ಸಂಖ್ಯೆ ನೆನಪಿದ್ದವರು ಹುಬ್ಬೇರಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಎರಡೂ ಒಂದೇ ಬಗೆಯ ಲೆಕ್ಕವಲ್ಲ. ಒಂದು ಇಬ್ಬರ ಅಂಕ ತಾಳೆಯಾಗುತ್ತದೆಯೇ ಎಂದು ಕೇಳಿದ್ದು, ಇನ್ನೊಂದು ಹಲವರ ತೀರ್ಪು ಸೇರಿ ನಿಂತ ಸಾಲು ಎಷ್ಟು ಗಟ್ಟಿ ಎಂದು ಕೇಳಿದ್ದು. ಅದರ ಮೇಲೆ ಕೇಂಬ್ರಿಜ್‌ನ ಟಾಮ್ ಬ್ರಾಮ್ಲಿ 2015ರಲ್ಲಿ ಇನ್ನೊಂದು ಹುಳುಕು ತೋರಿಸಿದರು. ತೀರ್ಪುಗಳೆಲ್ಲ ನಾಣ್ಯ ಚಿಮ್ಮಿ ಕೊಟ್ಟಂಥವೇ ಆಗಿದ್ದರೂ, ಗೆದ್ದವಕ್ಕೆ ಗೆದ್ದವನ್ನೇ ಜೋಡಿಸುವ ಪದ್ಧತಿಯಿಂದ ವಿಶ್ವಾಸಾರ್ಹತೆ ಎತ್ತರವಾಗಿಯೇ ಕಾಣಬಲ್ಲದು. ಮೊದಲ ಸುತ್ತುಗಳ ಅದೃಷ್ಟವನ್ನು ಮುಂದಿನ ಸುತ್ತುಗಳು ಸರಿಯಾಗಿ ಪರೀಕ್ಷಿಸುವುದೇ ಇಲ್ಲ. ಕಾಯಿಗಳನ್ನು ಮೊದಲೇ ರಾಶಿ ಮಾಡಿ ಆಮೇಲೆ ರಾಶಿಯೊಳಗೇ ತೂಗಿದ ಹಾಗೆ. ಜೋಡಿಗಳನ್ನು ಮನಬಂದಂತೆ ಕಲೆಸಿದರೆ ಈ ದೋಷ ಇರುವುದಿಲ್ಲ, ಹೋಲಿಕೆ ಮಾತ್ರ ಹೆಚ್ಚು ಬೇಕಾಗುತ್ತದೆ. ಹೋಲಿಕೆಯ ವಿಧಾನ ಇದರಿಂದ ಸುಳ್ಳಾಗಲಿಲ್ಲ, ಅದರ ಬಗ್ಗೆ ಹೇಳುತ್ತಿದ್ದ ಮಾತಿನ ಸ್ವರ ತಗ್ಗಿತು.

ಇಷ್ಟೆಲ್ಲ ತೀರ್ಪುಗಾರರು, ಕಂಪ್ಯೂಟರು ಮೂವತ್ತು ಮಕ್ಕಳ ಒಂದು ತರಗತಿಗೆ ಬೇಕಿಲ್ಲ. ಅಲ್ಲಿನ ಲೆಕ್ಕವೇ ಬೇರೆ. ಮಗುವಿಗೆ ವಾರಕ್ಕೆ ಎರಡು ಫೋಟೊ ಎಂದರೂ 40 ವಾರಕ್ಕೆ 2,400 ಚಿತ್ರ. ಒಂದೊಂದು 300 ಕೆಬಿ ಆದರೆ ಒಟ್ಟು 720 ಎಂಬಿ, ಅಗ್ಗದ ಫೋನಿಗೂ ಇದು ಭಾರವಲ್ಲ. ಒಂದೊಂದಕ್ಕೆ ಒಂದು ನಿಮಿಷದಂತೆ ನೋಡಲು ಮಾತ್ರ 40 ಗಂಟೆ ಬೇಕು. ಬಿಸಿಯೂಟ, ಗಣತಿ, ಎಸ್‌ಎಟಿಎಸ್‌ ಎಂಬ ವಿದ್ಯಾರ್ಥಿ ದಾಖಲೆಯ ಭರ್ತಿ ಮುಗಿಸಿದ ಮೇಷ್ಟರಿಗೆ ಆ 40 ಗಂಟೆ ಎಲ್ಲಿಂದ ಬರಬೇಕು? ಯಾರೂ ನೋಡದ ಫೋಟೊಗಳ ರಾಶಿಗೆ ಸಂಪುಟವೆಂಬ ಹೆಸರು ದೊಡ್ಡದಾಯಿತು.

ಆದ್ದರಿಂದ ಆರಿಸುವ ಕೆಲಸ ಮಗುವಿನದಾಗಬೇಕು. ತಿಂಗಳಿಗೆ ಒಂದು ಕೆಲಸ, ಅದನ್ನೇಕೆ ಆರಿಸಿದೆ ಎಂಬ ಅರ್ಧ ನಿಮಿಷದ ಮಾತು, ಅಷ್ಟು ಸಾಕು. ಅದಕ್ಕೆ ಶಿಕ್ಷಕರು ಒಂದು ಸಾಲಿನ ಉತ್ತರ ಕೊಡಲಿ, ಅಂಕ ಬೇಡ. ಇದು ನನ್ನೊಬ್ಬನ ಚಪಲವಲ್ಲ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಬರಿಯ ಟಿಪ್ಪಣಿ, ಕೆಲವರಿಗೆ ಬರಿಯ ಅಂಕ, ಇನ್ನು ಕೆಲವರಿಗೆ ಎರಡೂ ಸಿಕ್ಕವು. ಮುಂದಿನ ಕೆಲಸದಲ್ಲಿ ಚಿಗುರಿದವರು ಬರಿಯ ಟಿಪ್ಪಣಿ ಪಡೆದವರು. ಎರಡೂ ಸಿಕ್ಕವರ ಸ್ಥಿತಿ ಬರಿಯ ಅಂಕ ಸಿಕ್ಕವರದೇ ಆಗಿತ್ತು. ಅಂಕ ಕಂಡ ಕಣ್ಣು ಟಿಪ್ಪಣಿಗೆ ಇಳಿಯುವುದಿಲ್ಲ. ನಮ್ಮ ರೂಪಣಾತ್ಮಕ ಮೌಲ್ಯಮಾಪನ ಎಫ್ಎ-1, ಎಫ್ಎ-2 ಎಂದು ಸಣ್ಣ ಸಣ್ಣ ಪರೀಕ್ಷೆಯಾಗಿ ಒಣಗಿದ್ದು ಹೀಗೆಯೇ ಎಂದು ನನ್ನ ಗುಮಾನಿ.

ಮಗುವಿನ ಮುಖ, ದನಿ, ತಪ್ಪುಗಳು ಯಾರದೋ ಸರ್ವರಿನಲ್ಲಿ ಎಷ್ಟು ವರ್ಷ ಇರುತ್ತವೆ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಮಕ್ಕಳ ನೋಟ್‌ಬುಕ್ ಫೋಟೊ ಹರಿಬಿಡುವ ರೂಢಿ ಇದಕ್ಕೆ ಒಗ್ಗುವುದಿಲ್ಲ.

ನಾನು ಕಂಡ ಒಂದು ಮೂರನೇ ತರಗತಿಯಲ್ಲಿ ಹುಡುಗಿಯೊಬ್ಬಳು ಟೀಚರ ಫೋನಿನಲ್ಲಿ ತನ್ನ ಎರಡು ಹಾಳೆಗಳನ್ನು ಅಕ್ಕಪಕ್ಕ ನೋಡುತ್ತಿದ್ದಳು. ಜೂನಿನದರಲ್ಲಿ ‘ಮಳೆ’ ಎಂಬ ಮೂರು ಸಾಲು, ಫೆಬ್ರವರಿಯದರಲ್ಲಿ ಅಜ್ಜಿಯ ಊರಿನ ಜಾತ್ರೆ, ಒಂದು ಪುಟ ತುಂಬ. ಯಾವುದು ಇಡೋಣ ಎಂದು ಟೀಚರು ಕೇಳಿದರು. ಜಾತ್ರೆಯನ್ನೇ ಆರಿಸುತ್ತಾಳೆಂದು ನಾನು ಅಂದುಕೊಂಡಿದ್ದೆ. ಅವಳು ಮಳೆಯ ಮೇಲೆ ಬೆರಳಿಟ್ಟಳು. ‘ಇದನ್ನೂ ಇಡಿ ಮಿಸ್, ಆಗ ನನಗೆ ಒತ್ತು ಬರ್ತಿರ್ಲಿಲ್ಲ’ ಎಂದಳು.