ಡಬ್ಲ್ಯೂಗೆಟ್ ಹಾಕೋದಕ್ಕೆ ಇಷ್ಟೊಂದು ಕೆಲಸಾನಾ?

ಉಬುಂಟುವಿನಲ್ಲಿ ಇದು ಒಂದೇ ಸಾಲಿನ ಕೆಲಸ. ಸುಡೋ ಆಪ್ಟ್ ಇನ್‌ಸ್ಟಾಲ್ ಡಬ್ಲ್ಯೂಗೆಟ್ ಅಂತ ಬರೆದು ಎಂಟರ್ ಒತ್ತಿದರೆ ಮುಗೀತು. ನಾವೇ ಕಟ್ಟಿಕೊಂಡ ಲಿನಕ್ಸ್‌ನಲ್ಲಿ ಅದೇ ಸಾಲು ಬರೆದರೆ ಬ್ಯಾಷ್ ಕೊಡೋ ಉತ್ತರ: ಸುಡೋ ಅನ್ನೋ ಕಮ್ಯಾಂಡೇ ಇಲ್ಲ. ಆಪ್ಟ್ ಕೂಡ ಇಲ್ಲ. ಇರೋದು ಕಂಪೈಲರ್ ಮತ್ತು ನಮ್ಮ ತಾಳ್ಮೆ.

ನಾವೇ ಕಟ್ಟೋದು ಅಂದರೆ ಇಲ್ಲಿ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್. ಗೆರಾರ್ಡ್ ಬೀಕ್‌ಮನ್ಸ್ 1999ರಲ್ಲಿ ಶುರು ಮಾಡಿದ ಈ ಯೋಜನೆ ಒಂದು ಡಿಸ್ಟ್ರೋ ಅಲ್ಲ, ಪುಸ್ತಕ. ಅದು ಹೇಳಿದ ಹಾಗೆ ಸುಮಾರು 80 ಪ್ಯಾಕೇಜುಗಳನ್ನು ಸೋರ್ಸ್‌ನಿಂದ ಕಂಪೈಲ್ ಮಾಡುತ್ತಾ ಹೋದರೆ ಕೊನೆಗೆ ಬೂಟ್ ಆಗೋ ಒಂದು ಸಿಸ್ಟಮ್ ಸಿಗುತ್ತೆ. ಅದರಲ್ಲಿ ಜಿಸಿಸಿ ಇದೆ, ಪರ್ಲ್, ಪೈತಾನ್, ವಿಮ್ ಎಲ್ಲ ಇದೆ. ಬ್ರೌಸರ್ ಇಲ್ಲ, ವೈಫೈಗೆ ಸೇರಿಸೋ ಸಾಫ್ಟ್‌ವೇರ್ ಇಲ್ಲ, ವೆಬ್‌ನಿಂದ ಒಂದು ಫೈಲ್ ಡೌನ್‌ಲೋಡ್ ಮಾಡೋ ಕಮ್ಯಾಂಡ್ ಇಲ್ಲ. ಅದಕ್ಕೆಲ್ಲ ಬಿಯಾಂಡ್ ಲಿನಕ್ಸ್ ಫ್ರಮ್ ಸ್ಕ್ರ್ಯಾಚ್ ಅನ್ನೋ ಎರಡನೇ ಪುಸ್ತಕ ಇದೆ. ಅದರಲ್ಲಿ ಹೇಳಿರೋದನ್ನೆಲ್ಲ ಹಾಕಿಕೊಳ್ಳಬೇಕಂದರೂ ಮೊದಲು ಸೋರ್ಸ್ ಇಳಿಸಬೇಕು. ಹಾಗಾಗಿ ಬಹಳ ಜನ ಮೊದಲು ಕೈ ಹಾಕೋದು ಡಬ್ಲ್ಯೂಗೆಟ್‌ಗೆ. 1996ರಲ್ಲಿ ಹ್ರ್ವೊಯೆ ನಿಕ್ಷಿಚ್ ಬರೆದ, ಬರೀ ಟರ್ಮಿನಲ್‌ನಲ್ಲಿ ನಡೆಯೋ ಪುಟ್ಟ ಪ್ರೋಗ್ರಾಂ ಅದು.

ಆದರೆ ಡಬ್ಲ್ಯೂಗೆಟ್ ಇಳಿಸೋದಕ್ಕೇ ಡಬ್ಲ್ಯೂಗೆಟ್ ಬೇಕಲ್ಲ? ಬೀಜ ಮೊದಲೋ ಮರ ಮೊದಲೋ ಅನ್ನೋ ಹಾಗೆ. ಪೈತಾನ್ ಇದೆಯಲ್ಲ, ಅದರ ಯುಆರ್‌ಎಲ್‌ಲಿಬ್ ಬಳಸಿ ನಾಲ್ಕು ಸಾಲು ಬರೆದರಾಯ್ತು ಅಂತ ನಿಮಗೆ ಹೊಳೆದಿರಬಹುದು. ಒಳ್ಳೆ ಯೋಚನೆ, ಆದರೆ ಎಚ್‌ಟಿಟಿಪಿಎಸ್ ವಿಳಾಸ ಕೊಟ್ಟ ತಕ್ಷಣ ಸರ್ಟಿಫಿಕೇಟ್ ಪರಿಶೀಲಿಸೋಕೆ ಆಗಲಿಲ್ಲ ಅಂತ ಪೈತಾನ್ ಕೈ ಎತ್ತುತ್ತೆ. ಸಿಸ್ಟಮ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಇದ್ದರೂ, ಯಾರನ್ನು ನಂಬಬೇಕು ಅನ್ನೋ ಪಟ್ಟಿ ಇನ್ನೂ ಖಾಲಿ. ಈ ಪಟ್ಟಿಯ ವಿಷಯಕ್ಕೆ ಆಮೇಲೆ ಬರೋಣ.

ಸುಲಭದ ದಾರಿ ಅಂದರೆ ಹಳೇ ಹೋಸ್ಟ್ ಸಿಸ್ಟಮ್‌ಗೇ ವಾಪಸ್ ಹೋಗೋದು. ಅಲ್ಲಿ ಬ್ರೌಸರ್‌ನಿಂದ ಸೋರ್ಸ್ ಇಳಿಸಿ, ಹೊಸ ಪಾರ್ಟಿಷನ್ ಮೌಂಟ್ ಮಾಡಿ, ಸೋರ್ಸಸ್ ಡೈರೆಕ್ಟರಿಗೆ ಹಾಕಿ, ಪುಸ್ತಕದಲ್ಲಿ ಹೇಳಿದಂತೆ ಡೆವ್, ಪ್ರಾಕ್, ಸಿಸ್ ಮೌಂಟ್ ಮಾಡಿ ಸಿಎಚ್‌ರೂಟ್ ಆಗೋದು. ಹಾಸ್ಟೆಲ್‌ನಲ್ಲಿ ವೈಫೈ ಮಾತ್ರ ಇರೋರಿಗೆ ಬೇರೆ ದಾರಿನೂ ಇಲ್ಲ.

ಹಾಸ್ಟೆಲ್ ವೈಫೈ ಅಂದ ಮೇಲೆ ಒಂದು ಎಚ್ಚರಿಕೆ. ಲಾಗಿನ್ ಪುಟ ತೋರಿಸೋ ನೆಟ್‌ವರ್ಕ್‌ಗಳಲ್ಲಿ ಸೆಷನ್ ಮುಗಿದಿದ್ದರೆ, ಟಾರ್‌ಬಾಲ್ ಹೆಸರಿನಲ್ಲಿ ಆ ಲಾಗಿನ್ ಪುಟದ ಎಚ್‌ಟಿಎಂಎಲ್ಲೇ ಸೇವ್ ಆಗಿಬಿಡಬಹುದು. ಟಾರ್ ಆಗ ಇದು ಜಿಜಿಪ್ ಫಾರ್ಮ್ಯಾಟ್ ಅಲ್ಲ ಅನ್ನುತ್ತೆ, ನಾವು ಟಾರ್ ಕೆಟ್ಟಿದೆ ಅಂದುಕೊಳ್ತೀವಿ. ಫೈಲ್ ಸೈಜ್ ನೋಡಿದರೆ ಗೊತ್ತಾಗುತ್ತೆ: ಮೆಗಾಬೈಟ್‌ಗಳಲ್ಲಿ ಇರಬೇಕಾದ್ದು ಕೆಲವೇ ಕಿಲೋಬೈಟ್ ಇರುತ್ತೆ. ಪುಸ್ತಕ ಕೊಟ್ಟಿರೋ ಎಂಡಿ5 ಮೊತ್ತಕ್ಕೆ ಹೋಲಿಸಿದರೂ ಇದು ಸಿಕ್ಕಿಬೀಳುತ್ತೆ. ಆದರೆ ಇಂಥ ಮೊತ್ತದಿಂದ ಮುಖ್ಯವಾಗಿ ತಿಳಿಯೋದು ಫೈಲ್ ದಾರಿಯಲ್ಲಿ ಹಾಳಾಗಿಲ್ಲ ಅನ್ನೋದು. ಇದನ್ನು ಬಿಡುಗಡೆ ಮಾಡಿದವರು ಯಾರು ಅನ್ನೋದಕ್ಕೆ ಗ್ನೂ ಸರ್ವರ್‌ನಲ್ಲಿ ಪಕ್ಕದಲ್ಲೇ ಇರೋ ಡಾಟ್ ಸಿಗ್ ಫೈಲನ್ನು ಹೋಸ್ಟ್‌ನ ಜಿಪಿಜಿಯಿಂದ ಪರಿಶೀಲಿಸಬೇಕು. ಆಪ್ಟ್ ಇಂಥ ಸಹಿ ಪರಿಶೀಲನೆಯನ್ನು ಪ್ರತಿ ಸಲವೂ ತಾನೇ ಮಾಡ್ತಿತ್ತು, ನಮ್ಮ ಗಮನಕ್ಕೇ ಬರ್ತಿರಲಿಲ್ಲ.

ಮುಂದಿನದು ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್. ಮೊದಲ ಎರಡಕ್ಕೆ ರೂಟ್ ಅಧಿಕಾರ ಬೇಕಿಲ್ಲ. ಯೂಸರ್‌ಆಡ್‌ನಿಂದ ಒಬ್ಬ ಸಾಮಾನ್ಯ ಯೂಸರ್ ಮಾಡಿಕೊಂಡು ಅವನ ಹೆಸರಿನಲ್ಲಿ ಕಂಪೈಲ್ ಮಾಡಿ, ಕೊನೆಯ ಹೆಜ್ಜೆಗೆ ಮಾತ್ರ ರೂಟ್ ಆಗೋದು ವಾಸಿ. ಬೇರೆಯವರ ಸ್ಕ್ರಿಪ್ಟ್ ನಮ್ಮ ಮಷೀನಿನಲ್ಲಿ ಓಡ್ತಿದೆ ಅನ್ನೋದು ನೆನಪಿರಲಿ.

ಬರೀ ಕಾನ್ಫಿಗರ್ ಅಂತ ಹೊಡೆದರೆ ಡಬ್ಲ್ಯೂಗೆಟ್ ಡೀಫಾಲ್ಟ್ ಆಗಿ ಗ್ನೂಟಿಎಲ್‌ಎಸ್ ಹುಡುಕುತ್ತೆ. ನಮ್ಮಲ್ಲಿ ಅದಿಲ್ಲ, ಹಾಗಾಗಿ ಅಲ್ಲೇ ನಿಲ್ಲುತ್ತೆ. ವಿತ್-ಎಸ್‌ಎಸ್‌ಎಲ್ ಆಪ್ಷನ್‌ಗೆ ಓಪನ್‌ಎಸ್‌ಎಸ್‌ಎಲ್ ಅಂತ ಕೊಡಬೇಕು. ಪ್ರಿಫಿಕ್ಸ್ /ಯುಎಸ್‌ಆರ್ ಅಂತ ಹೇಳದಿದ್ದರೆ ಎಲ್ಲ /ಯುಎಸ್‌ಆರ್/ಲೋಕಲ್ ಒಳಗೆ ಹೋಗುತ್ತೆ. ಸಿಸ್‌ಕಾನ್ಫ್‌ಡಿರ್ /ಇಟಿಸಿ ಅಂತಲೂ ಹೇಳಬೇಕು, ಇಲ್ಲದಿದ್ದರೆ ಅದು ತನ್ನ ಸೆಟ್ಟಿಂಗ್ ಫೈಲನ್ನು /ಯುಎಸ್‌ಆರ್/ಇಟಿಸಿ ಅನ್ನೋ ಜಾಗದಲ್ಲಿ ಹುಡುಕುತ್ತೆ.

ಕಾನ್ಫಿಗರ್ ಉಗುಳೋ ನೂರಾರು ಸಾಲುಗಳ ಮಧ್ಯೆ ಲಿಬ್‌ಪಿಎಸ್‌ಎಲ್ ಸಿಗಲಿಲ್ಲ ಅನ್ನೋ ಒಂದು ವಾರ್ನಿಂಗ್ ಬರುತ್ತೆ. ಎರರ್ ಅಲ್ಲ, ವಾರ್ನಿಂಗ್ ಅಷ್ಟೇ, ಹಾಗಾಗಿ ಯಾರೂ ಓದಲ್ಲ. ಯಾವ ಡೊಮೈನ್‌ಗಳು ಸಾರ್ವಜನಿಕ, ಅಂದರೆ ಕೋ ಡಾಟ್ ಇನ್ ಥರದವು, ಅನ್ನೋ ಪಟ್ಟಿ ನೋಡಿ ಕುಕಿಗಳನ್ನು ಒಪ್ಪೋದೋ ಬಿಡೋದೋ ಅಂತ ತೀರ್ಮಾನಿಸೋಕೆ ಆ ಲೈಬ್ರರಿ ಬೇಕು. ಇಲ್ಲದಿದ್ದರೆ ಡಬ್ಲ್ಯೂಗೆಟ್ ತನ್ನ ಒಳಗಿನ ಸರಳ ಪರೀಕ್ಷೆಯನ್ನೇ ಬಳಸುತ್ತೆ. ಲಿಬ್‌ಪಿಎಸ್‌ಎಲ್ ಹಾಕೋಣ ಅಂದರೆ ಲಿಬ್‌ಐಡಿಎನ್2 ಬೇಕು, ಅದಕ್ಕೆ ಲಿಬ್‌ಯೂನಿಸ್ಟ್ರಿಂಗ್ ಬೇಕು. ಬರೀ ಟಾರ್‌ಬಾಲ್ ಇಳಿಸೋದಕ್ಕೆ ಕುಕಿ ಯಾಕೆ, ಮೊದಲ ಸಲ ಇದನ್ನು ಬಿಟ್ಟೇ ಕಟ್ಟಿ ಅನ್ನೋದು ನಮ್ಮ ಅಭಿಪ್ರಾಯ. ಆಮೇಲೆ ಆ ಮೂರನ್ನೂ ಇದೇ ಡಬ್ಲ್ಯೂಗೆಟ್‌ನಿಂದ ಇಳಿಸಿ, ಇದನ್ನೇ ಇನ್ನೊಮ್ಮೆ ಕಟ್ಟಬಹುದು.

ಮೇಕ್ ಮುಗಿದ ಮೇಲೆ ಕೈ ತಡೆಯಿರಿ. ಇನ್‌ಸ್ಟಾಲ್ ಆದಮೇಲೆ ಯಾವ ಫೈಲ್ ಎಲ್ಲಿಗೆ ಹೋಯ್ತು ಅಂತ ನೆನಪಿಟ್ಟುಕೊಳ್ಳೋರು ಈ ಸಿಸ್ಟಮ್‌ನಲ್ಲಿ ಯಾರೂ ಇಲ್ಲ. ಉಬುಂಟುವಿನಲ್ಲಿ ಡಿಪಿಕೆಜಿ ಪ್ರತಿ ಪ್ಯಾಕೇಜಿನ ಫೈಲ್ ಪಟ್ಟಿ ಬರೆದಿಟ್ಟಿರುತ್ತೆ. ಇಲ್ಲಿ ಆ ಲೆಕ್ಕ ನಾವೇ ಬರೀಬೇಕು. ಅದಕ್ಕೊಂದು ಸರಳ ಉಪಾಯ ಡೆಸ್ಟ್‌ಡಿರ್. ಮೇಕ್ ಇನ್‌ಸ್ಟಾಲ್ ಜೊತೆ ಡೆಸ್ಟ್‌ಡಿರ್‌ಗೆ ಟೆಂಪ್ ಒಳಗಿನ ಒಂದು ಖಾಲಿ ಡೈರೆಕ್ಟರಿ ಕೊಟ್ಟರೆ, ಸಿಸ್ಟಮ್ ಮುಟ್ಟದೆ ಎಲ್ಲ ಫೈಲುಗಳೂ ಅಲ್ಲಿ ಬಂದು ಕೂರುತ್ವೆ. ಫೈಂಡ್ ಓಡಿಸಿ ಆ ಪಟ್ಟಿಯನ್ನು ಒಂದು ಫೈಲ್‌ಗೆ ಹಾಕಿಟ್ಟುಕೊಳ್ಳಿ. ಬೈನರಿ ಒಂದೇ ಒಂದು. ಜೊತೆಗೆ ಡಬ್ಲ್ಯೂಗೆಟ್‌ಆರ್‌ಸಿ, ಮ್ಯಾನ್ ಪುಟ, ಇನ್ಫೋ ಪುಟಗಳು, ಹತ್ತಾರು ಭಾಷೆಗಳ ಸಂದೇಶ ಫೈಲುಗಳು. ಒಂದು ಕಮ್ಯಾಂಡ್ ಅಂತ ನಾವು ಕರೆಯೋದು ಇಷ್ಟು ದೊಡ್ಡ ಸಂಸಾರ.

ಆ ಪಟ್ಟಿಯಲ್ಲಿ ಒಂದು ಕಳ್ಳ ಇದ್ದಾನೆ: /ಯುಎಸ್‌ಆರ್/ಶೇರ್/ಇನ್ಫೋ ಒಳಗಿನ ಡಿರ್ ಅನ್ನೋ ಫೈಲ್. ಇದು ಡಬ್ಲ್ಯೂಗೆಟ್‌ನದ್ದಲ್ಲ, ಇಡೀ ಸಿಸ್ಟಮ್‌ನ ಇನ್ಫೋ ಪುಟಗಳಿಗೆಲ್ಲ ಒಂದೇ ಸೂಚಿ. ಟೆಂಪ್‌ನಲ್ಲಿ ಹೊಸದಾಗಿ ಹುಟ್ಟಿರೋ ಡಿರ್‌ನಲ್ಲಿ ಡಬ್ಲ್ಯೂಗೆಟ್ ಬಿಟ್ಟರೆ ಬೇರೇನೂ ಇರಲ್ಲ. ಟೆಂಪ್‌ನಿಂದ ಎಲ್ಲವನ್ನೂ ರೂಟ್ ಡೈರೆಕ್ಟರಿಗೆ ಕಾಪಿ ಮಾಡಿದರೆ ಹಳೆಯ ಸೂಚಿ ಅಳಿಸಿಹೋಗುತ್ತೆ. ಮುಂದೊಂದು ದಿನ ಪಟ್ಟಿ ನೋಡಿ ಒಂದೊಂದೇ ಫೈಲ್ ಡಿಲೀಟ್ ಮಾಡಿದರೂ ಅದೇ ಗತಿ. ಹಾಗಾಗಿ ಆ ಸಾಲನ್ನು ಪಟ್ಟಿಯಿಂದ ತೆಗೆದು, ಟೆಂಪ್‌ನಲ್ಲಿರೋದನ್ನು ಬಿಸಾಡಿ, ರೂಟ್ ಆಗಿ ಮೇಕ್ ಇನ್‌ಸ್ಟಾಲ್ ನೇರವಾಗಿ ಓಡಿಸಿ. ಪುಸ್ತಕದಲ್ಲಿ ಬೇರೆ ವಿಧಾನಗಳೂ ಇವೆ. ಪ್ರತಿ ಪ್ಯಾಕೇಜಿಗೆ ಒಬ್ಬೊಬ್ಬ ಯೂಸರ್ ಸೃಷ್ಟಿಸೋದು ಅವುಗಳಲ್ಲಿ ಒಂದು, ಚೆಂದದ ಐಡಿಯಾ, ಆದರೆ ಸೆಮಿಸ್ಟರ್ ನಡುವೆ ಬೇಡ.

ಈಗ ಆ ಖಾಲಿ ಪಟ್ಟಿಯ ವಿಷಯ. ಡಬ್ಲ್ಯೂಗೆಟ್ ಓಡುತ್ತೆ, ಆದರೆ ಯಾವ ಎಚ್‌ಟಿಟಿಪಿಎಸ್ ಸೈಟನ್ನೂ ನಂಬಲ್ಲ. ಗೂಗಲ್ ಮಾಡಿದರೆ ಮೊದಲು ಸಿಗೋ ಸಲಹೆ ನೋ-ಚೆಕ್-ಸರ್ಟಿಫಿಕೇಟ್ ಆಪ್ಷನ್ ಹಾಕಿ ಅಂತ. ಸಾವಿರ ಜನ ಹಂಚಿಕೊಳ್ಳೋ ವೈಫೈನಲ್ಲಿ, ರೂಟ್ ಆಗಿ ಇನ್‌ಸ್ಟಾಲ್ ಮಾಡೋಕೆ ಹೊರಟಿರೋ ಕೋಡನ್ನು ಹಾಗೆ ಇಳಿಸೋದು ಅಂದರೆ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ. ಪುಸ್ತಕದ ದಾರಿ ಮೇಕ್-ಸಿಎ ಅನ್ನೋ ಸ್ಕ್ರಿಪ್ಟ್, ಅದು ಮೊಜಿಲ್ಲಾದ ಸರ್ಟಿಫಿಕೇಟ್ ಪಟ್ಟಿಯನ್ನು ತಂದು ಹಾಕುತ್ತೆ. ಅದಕ್ಕೆ ಪಿ11-ಕಿಟ್ ಬೇಕು, ಅದಕ್ಕೆ ಲಿಬ್‌ಟಾಸ್ನ್1 ಬೇಕು. ಅಲ್ಲಿವರೆಗೆ ಉಬುಂಟು ಹೋಸ್ಟ್‌ನ /ಇಟಿಸಿ/ಎಸ್‌ಎಸ್‌ಎಲ್/ಸರ್ಟ್ಸ್ ಒಳಗಿರೋ ಒಟ್ಟು ಸರ್ಟಿಫಿಕೇಟ್ ಫೈಲನ್ನು ಕಾಪಿ ಮಾಡಿ, ಡಬ್ಲ್ಯೂಗೆಟ್‌ಆರ್‌ಸಿಯಲ್ಲಿ ಸಿಎ-ಸರ್ಟಿಫಿಕೇಟ್ ಅನ್ನೋ ಸಾಲಿಗೆ ಅದರ ವಿಳಾಸ ಕೊಟ್ಟರೆ ಸಾಕು.

ಇಷ್ಟಾದ ಮೇಲೆ ಡಬ್ಲ್ಯೂಗೆಟ್ ಬೈನರಿ ಮೇಲೆ ಎಲ್‌ಡಿಡಿ ಓಡಿಸಿ, ಬಂದದ್ದನ್ನೂ ಅದೇ ಪಟ್ಟಿಯ ಕೆಳಗೆ ಸೇರಿಸಿ. ಲಿಬ್‌ಎಸ್‌ಎಸ್‌ಎಲ್, ಲಿಬ್‌ಕ್ರಿಪ್ಟೊ ಕಾಣಿಸುತ್ವೆ, ಹೆಸರಿನ ಕೊನೆಗೆ ಒಂದು ಅಂಕಿ ಇರುತ್ತೆ. 2021ರಲ್ಲಿ ಓಪನ್‌ಎಸ್‌ಎಸ್‌ಎಲ್ 3.0 ಬಂದಾಗ ಆ ಅಂಕಿ 1.1ರಿಂದ 3ಕ್ಕೆ ಹೋಯ್ತು. ಹಳೇ ಲೈಬ್ರರಿ ತೆಗೆದು ಹೊಸದು ಹಾಕಿದರೆ, ಹಳೆಯದಕ್ಕೆ ಅಂಟಿಕೊಂಡಿದ್ದ ಡಬ್ಲ್ಯೂಗೆಟ್ ಶುರುವಾಗೋದೇ ಇಲ್ಲ. ಹೊಸ ಡಬ್ಲ್ಯೂಗೆಟ್ ಇಳಿಸೋಕೆ ಡಬ್ಲ್ಯೂಗೆಟ್ ಇರಲ್ಲ, ಮತ್ತೆ ಸಿಎಚ್‌ರೂಟ್‌ಗೆ ವಾಪಸ್.

ಇನ್ನು ಸೆಕ್ಯುರಿಟಿ ಅಪ್‌ಡೇಟ್. 2014ರಲ್ಲಿ ಡಬ್ಲ್ಯೂಗೆಟ್‌ನಲ್ಲೇ ಒಂದು ದೋಷ ಸಿಕ್ಕಿತ್ತು: ಎಫ್‌ಟಿಪಿ ಸರ್ವರ್‌ನಿಂದ ಇಡೀ ಡೈರೆಕ್ಟರಿ ಇಳಿಸುವಾಗ, ಕೆಟ್ಟ ಸರ್ವರ್ ಒಂದು ಸಿಮ್‌ಲಿಂಕ್ ಕಳಿಸಿ ನಮ್ಮ ಡಿಸ್ಕ್‌ನಲ್ಲಿ ತನಗೆ ಬೇಕಾದ ಕಡೆ ಫೈಲ್ ಬರೆಯಬಹುದಿತ್ತು. 1.16ರಲ್ಲಿ ಅದು ಸರಿಯಾಯ್ತು. ಡಿಸ್ಟ್ರೋ ಬಳಸೋರಿಗೆ ಅದು ಮಾಮೂಲಿ ಅಪ್‌ಡೇಟ್‌ಗಳ ಜೊತೆಗೇ ಬಂತು. ಸ್ವಂತ ಸಿಸ್ಟಮ್‌ಗೆ ಅದನ್ನು ತಂದುಕೊಡೋರು ಯಾರೂ ಇಲ್ಲ. ಎರಡೂ ಪುಸ್ತಕಗಳ ಸೆಕ್ಯುರಿಟಿ ಅಡ್ವೈಸರಿ ಪುಟವನ್ನು ತಿಂಗಳಿಗೊಮ್ಮೆಯಾದರೂ ನಾವೇ ತೆರೆದು ನೋಡಬೇಕು. ಹೊಸ ಆವೃತ್ತಿ ಹಾಕುವ ಮೊದಲು ಮತ್ತೆ ಡೆಸ್ಟ್‌ಡಿರ್ ಪಟ್ಟಿ ತೆಗೆದು, ಹಳೇ ಪಟ್ಟಿಯ ಜೊತೆ ಡಿಫ್ ಮಾಡಿ. ಹಳೆಯದರಲ್ಲಿ ಮಾತ್ರ ಇರೋ ಫೈಲುಗಳನ್ನು ಕೈಯಿಂದಲೇ ತೆಗೆಯಬೇಕು, ಮೇಕ್ ಇನ್‌ಸ್ಟಾಲ್ ಅವುಗಳನ್ನು ಮುಟ್ಟೋದಿಲ್ಲ.